ಹದ ಅಂದರೆ ಎಷ್ಟು ಅಂತ ಬರೆಯಿರಿ

ಸಂಪಾದಕರಿಗೆ ನಮಸ್ಕಾರ.

ಹೋದ ಭಾನುವಾರ ನಿಮ್ಮ ಪುರವಣಿಯಲ್ಲಿ ರಜೆಯಲ್ಲಿ ಮಕ್ಕಳು ಹವ್ಯಾಸ ಬೆಳೆಸಿಕೊಳ್ಳಬೇಕು ಅನ್ನುವ ಬರಹ ಬಂದಿತ್ತು. ಬರೆದವರ ಮೇಲೆ ನನಗೇನೂ ಕೋಪ ಇಲ್ಲ. ಆದರೆ ಅದನ್ನು ಮೊಮ್ಮಗಳ ಕೈಲಿ ಜೋರಾಗಿ ಓದಿಸಿದೆ. ಓದಿ ಮುಗಿಸಿದವಳು, ‘ಸರಿ ತಾತ, ಈಗ ಏನು ಮಾಡೋದು?’ ಅಂದಳು. ಅದಕ್ಕೇ ಈ ಪತ್ರ. ಸ್ವಲ್ಪ ಉದ್ದ ಆಗುತ್ತೆ. ಕತ್ತರಿ ಹಾಕಲೇಬೇಕು ಅಂದರೆ ಮಳೆ ವಿಷಯಕ್ಕೆ ಹಾಕಿ, ಚೌಕಾಬಾರದ ಆಟಕ್ಕೆ ಹಾಕಬೇಡಿ.

ಮೊಮ್ಮಗಳು ಬೆಂಗಳೂರಲ್ಲಿ ಓದುತ್ತಾಳೆ. ಈಗ ಏಳನೇ ಕ್ಲಾಸಿಗೆ. ರಜೆಗೆ ಅರಸೀಕೆರೆಗೆ ಬಂದಿದ್ದಾಳೆ. ನಮ್ಮ ಕಾಲದಲ್ಲಿ ಏಪ್ರಿಲ್ 10ಕ್ಕೆ ರಿಸಲ್ಟ್ ಗೊತ್ತಾದರೆ ಮುಗೀತು, ಪುಸ್ತಕ ಮತ್ತೆ ಮುಟ್ಟುತ್ತಿದ್ದದ್ದು ಜೂನ್‌ಗೆ. ಈಗ ರಜೆಗೂ ಹೋಂವರ್ಕ್ ಇದೆ. ‘ನನ್ನ ಹವ್ಯಾಸ’, ಎರಡು ಪುಟ, ಕನ್ನಡದಲ್ಲಿ. ಹುಡುಗಿ ಫೋನಲ್ಲಿ ಹುಡುಕಿದಳು. ಐದಾರು ಪ್ರಬಂಧ ಸಿಕ್ಕವು. ಐದಾರೂ ಒಂದೇ. ಹವ್ಯಾಸ ಮನಸ್ಸಿಗೆ ಉಲ್ಲಾಸ ಕೊಡುತ್ತದೆ, ಒತ್ತಡ ಕಡಿಮೆ ಮಾಡುತ್ತದೆ, ತೋಟಗಾರಿಕೆ ಒಳ್ಳೆಯದು, ಅಂಚೆಚೀಟಿ ಸಂಗ್ರಹ ಒಳ್ಳೆಯದು. ಯಾವ ಗಿಡ, ಎಷ್ಟು ನೀರು, ಈಗಿನ ಕಾಲದಲ್ಲಿ ಅಂಚೆಚೀಟಿ ಯಾರ ಮನೆಗೆ ಬರುತ್ತೆ, ಒಂದು ಮಾತೂ ಇಲ್ಲ. ಅವಳು ಅರ್ಧ ಪುಟ ಇಳಿಸಿಯೂ ಆಗಿತ್ತು.

‘ಇದರಲ್ಲಿ ನೀನು ಎಲ್ಲಿದ್ದೀಯಮ್ಮ?’ ಅಂದೆ.

‘ತಾತ, ಪ್ರಬಂಧದಲ್ಲಿ ನಾನು ಇರಬಾರದು’ ಅಂದಳು.

ನಾನು ಸಾಹಿತಿ ಅಲ್ಲ. ಸಾರಿಗೆ ಸಂಸ್ಥೆಯಲ್ಲಿ ಕಂಡಕ್ಟರ್ ಆಗಿದ್ದೆ. ಟಿಕೆಟ್ ಹಿಂದೆ ಚಿಲ್ಲರೆ ಬಾಕಿ ಬರೆದದ್ದು, ವೇಬಿಲ್ ತುಂಬಿದ್ದು, ಇಷ್ಟು ಬಿಟ್ಟರೆ ನಾನು ಬರೆದದ್ದು ಏನೂ ಇಲ್ಲ. ರಿಟೈರ್ ಆದ ಮೇಲೆ ಮಗ ಒಂದು ಫೋನ್ ಕೊಡಿಸಿದ. ಮೊದಲ ವರ್ಷವೆಲ್ಲ ಬೇರೆಯವರು ಕಳಿಸಿದ ಶುಭೋದಯವನ್ನು ಇನ್ನೊಬ್ಬರಿಗೆ ದಾಟಿಸುವುದೇ ಕೆಲಸ. ಬಸ್ಸಲ್ಲಿ ಟಪಾಲು ಚೀಲ ಸಾಗಿಸಿದ ಹಾಗೆ. ಒಳಗೆ ಏನಿದೆ ಅಂತ ನಾನು ನೋಡುತ್ತಲೂ ಇರಲಿಲ್ಲ.

ನಾನೇ ಬರೆಯೋಕೆ ಶುರು ಮಾಡಿದ್ದು ಸಂಡಿಗೆಯಿಂದ. ಎರಡು ಬೇಸಿಗೆ ಹಿಂದೆ ನಮ್ಮ ಮನೆಯವಳು ಸಬ್ಬಕ್ಕಿ ಸಂಡಿಗೆ ಇಡುವುದನ್ನು ಫೋಟೊ ತೆಗೆದು ಸೋಷಿಯಲ್ ಮೀಡಿಯಾದಲ್ಲಿ ಹಾಕಿದೆ. ಕೆಳಗೆ ನಾಲ್ಕು ಸಾಲು ಬರೆದೆ. ಸಬ್ಬಕ್ಕಿ ನೆನೆಸಿ, ಹದವಾಗಿ ನೀರು ಹಾಕಿ, ಹದವಾಗಿ ಬೇಯಿಸಿ, ಒಳ್ಳೆ ಬಿಸಿಲಲ್ಲಿ ಒಣಗಿಸಿ. ಬರೆದು ಭಾರೀ ಖುಷಿ ಪಟ್ಟೆ. ಅರ್ಧ ಗಂಟೆಗೆ ಪುಣೆಯಲ್ಲಿರುವ ನಮ್ಮ ತಂಗಿ ಮಗಳು ಕೇಳಿದಳು: ‘ಮಾವ, ಹದ ಅಂದ್ರೆ ಎಷ್ಟು?’

ನನಗೆ ಗೊತ್ತಿಲ್ಲ! ಒಳಗೆ ಹೋಗಿ ಕೇಳಿದೆ. ‘ಹದ ಅಂದ್ರೆ ಹದ ರೀ’ ಅಂದಳು. ಮೂವತ್ತು ವರ್ಷ ಮಾಡಿದವಳಿಗೂ ಬಾಯಲ್ಲಿ ಹೇಳೋಕೆ ಬರಲಿಲ್ಲ. ಕೈಗೆ ಗೊತ್ತಿತ್ತು, ಅಷ್ಟೆ. ಮಾರನೇ ದಿನ ನಾನು ಲೋಟ ಹಿಡಿದು ಒಲೆ ಪಕ್ಕ ನಿಂತೆ. ಅವಳು ಹಾಕುವ ಮೊದಲು ನಾನು ಅಳೆದು ಕೊಡುವುದು, ಚೀಟಿ ಮೇಲೆ ಬರೆಯುವುದು. ರಾತ್ರಿ ನೆನೆಸಿದ ಒಂದು ಲೋಟ ಸಬ್ಬಕ್ಕಿಗೆ ಐದು ಲೋಟ ನೀರು ಆಯಿತು. ಕಾಳು ಒಳಗಿನ ಬಿಳಿ ಚುಕ್ಕೆ ಕಳೆದುಕೊಂಡು ಗಾಜಿನ ಹಾಗೆ ಆಗಬೇಕು. ಉಪ್ಪು ಸಾರಿಗೆ ಹಾಕುವ ಲೆಕ್ಕದಲ್ಲಿ ಹಾಕಬಾರದು. ಒಣಗಿದ ಮೇಲೆ ನೀರು ಹೋಗಿ ಉಪ್ಪು ಮಾತ್ರ ಉಳಿಯುತ್ತೆ, ಕರಿದರೆ ಬಾಯಿಗೆ ಇಡೋಕಾಗಲ್ಲ. ಇನ್ನು ಆ ಹದ. ತಟ್ಟೆ ಮೇಲೆ ಒಂದು ಚಮಚ ಹಾಕಿ ನೋಡಬೇಕು. ಹರಿದು ಹೋಗಲೂ ಬಾರದು, ಗುಡ್ಡೆಯಾಗಿ ಕೂರಲೂ ಬಾರದು. ದೋಸೆ ಹಿಟ್ಟು ತಾನಾಗಿ ಎಷ್ಟು ಅಗಲ ಆಗುತ್ತೋ ಅಷ್ಟು ಅಗಲವಾಗಿ ನಿಲ್ಲಬೇಕು.

ಹಳೇ ಪಂಚೆ ಮೇಲೆ ಇಟ್ಟರೆ ಎರಡು ದಿನದ ಬಿಸಿಲು ಸಾಕು. ಬಟ್ಟೆಯಿಂದ ಬಿಡಿಸುವಾಗ ಎಳೆಯಬಾರದು. ಬಟ್ಟೆ ಮಗುಚಿ ಹಿಂಭಾಗಕ್ಕೆ ನೀರು ಚಿಮುಕಿಸಿದರೆ ತಾನೇ ಬಿಡುತ್ತೆ. ಆಮೇಲೆ ಇನ್ನೊಂದು ದಿನ ಬಿಸಿಲು. ಕಾಗೆಗೆ ಕಪ್ಪು ಕೊಡೆ ಬಿಚ್ಚಿಡುತ್ತೇವೆ. ಮಕ್ಕಳಿಗೆ ಏನು ಬಿಚ್ಚಿಟ್ಟರೂ ಪ್ರಯೋಜನ ಇಲ್ಲ. ಅರ್ಧ ಒಣಗಿದ ಸಂಡಿಗೆ ತಿನ್ನುವ ಸುಖ ಇದೆಯಲ್ಲ, ಅದಕ್ಕೆ ಕಾವಲುಗಾರನೇ ಕಳ್ಳ. ನಾನೂ ಹಾಗೇ ಮಾಡಿದವನು.

ಇಷ್ಟನ್ನೂ ಬರೆದು ಹಾಕಿದೆ. ಆ ಬರಹಕ್ಕೆ ಬಂದಷ್ಟು ಮಾತು ನನ್ನ ಜೀವನದಲ್ಲಿ ಯಾವುದಕ್ಕೂ ಬಂದಿಲ್ಲ. ನಾನು ರಿಟೈರ್ ಆದ ದಿನ ಹಾಕಿದ ಹಾರದ ಫೋಟೊಕ್ಕೂ ಬಂದಿರಲಿಲ್ಲ.

ಆಮೇಲೆ ಚೌಕಾಬಾರ. ಸಂಡಿಗೆ ಕಾಯುವಾಗ ಮೊಮ್ಮಗಳಿಗೆ ಕಲಿಸೋಣ ಅಂತ ಜಗಲಿ ಮೇಲೆ ಸೀಮೆಸುಣ್ಣದಲ್ಲಿ ಮನೆ ಬರೆದೆ. ಐದೈದು, ಇಪ್ಪತ್ತೈದು ಮನೆ. ನಾಲ್ಕೂ ಬದಿಯ ನಡು ಮನೆಗೆ, ಮಧ್ಯದ ಮನೆಗೆ ಅಡ್ಡಗೆರೆ ಎಳೆದು ಕಟ್ಟೆ ಮಾಡಿದೆ. ಕಟ್ಟೆಯಲ್ಲಿ ಕೂತ ಕಾಯಿಯನ್ನು ಯಾರೂ ಕಡಿಯುವಂತಿಲ್ಲ. ಒಬ್ಬೊಬ್ಬರಿಗೆ ನಾಲ್ಕು ಕಾಯಿ. ಕವಡೆ ಮನೆಯಲ್ಲಿ ಇರಲಿಲ್ಲ. ಹುಣಸೆ ಬೀಜವನ್ನು ಕಲ್ಲಿಗೆ ಉಜ್ಜಿ ಒಂದು ಮಗ್ಗುಲು ಬಿಳಿ ಮಾಡಿಕೊಂಡೆವು. ಬಿಳಿ ಎಷ್ಟು ಮೇಲೆ ಬಿದ್ದವೋ ಅಷ್ಟು ಲೆಕ್ಕ. ನಾಲ್ಕೂ ಅಂಗಾತ ಬಿದ್ದರೆ ಚೌಕ, ಅಂದರೆ ನಾಲ್ಕು. ನಾಲ್ಕೂ ಬೋರಲು ಬಿದ್ದರೆ ಬಾರ, ಅಂದರೆ ಎಂಟು. ಇವೆರಡು ಬಿದ್ದರೆ ಇನ್ನೊಂದು ಸಲ ಹಾಕಬಹುದು. ಹೊರಗಿನ ಹದಿನಾರು ಮನೆ ಒಂದು ದಿಕ್ಕಿಗೆ, ಒಳಗಿನ ಎಂಟು ಮನೆ ಅದರ ಎದುರು ದಿಕ್ಕಿಗೆ. ನಡುವಿನ ಮನೆ ಸೇರಿದರೆ ಕಾಯಿ ಹಣ್ಣಾಯಿತು.

ಇಲ್ಲಿವರೆಗೆ ಜಗಳ ಇಲ್ಲ. ಜಗಳ ಬಂದದ್ದು ಒಳಗೆ ಹೋಗುವಾಗ. ಎದುರಾಳಿಯ ಒಂದು ಕಾಯಿಯನ್ನಾದರೂ ಕಡಿಯದೆ ಒಳಗಿನ ಸುತ್ತಿಗೆ ಹೋಗುವಂತಿಲ್ಲ ಅಂತ ನಾನು. ನಮ್ಮ ಮನೆಯವಳ ತವರು ಕಡೂರು ಕಡೆ. ಅವರ ಮನೆಯಲ್ಲಿ ಹಾಗೇನೂ ಇರಲಿಲ್ಲವಂತೆ. ಸಂಡಿಗೆ ಕಾಗೆ ಪಾಲಾಯಿತು, ನಮ್ಮ ವಾದ ಮುಗಿಯಲಿಲ್ಲ. ಆ ಜಗಳವನ್ನೇ ಇದ್ದದ್ದು ಇದ್ದ ಹಾಗೆ ಬರೆದು ಹಾಕಿದೆ. ಮೈಸೂರಿನವರೊಬ್ಬರು ನನ್ನ ಪಕ್ಷ. ದಾವಣಗೆರೆಯವರೊಬ್ಬರು ಅವಳ ಪಕ್ಷ. ಚೌಕ, ಬಾರ ಸತತ ಮೂರು ಸಲ ಬಿದ್ದರೆ ಮೂರೂ ಲೆಕ್ಕಕ್ಕಿಲ್ಲ ಅಂತ ಒಬ್ಬರು ಹೊಸ ಬಾಂಬ್ ಹಾಕಿದರು. ಮಸ್ಕತ್‌ನಲ್ಲಿ ಕೆಲಸ ಮಾಡುವ ನಮ್ಮೂರ ಹುಡುಗನೊಬ್ಬ ಆ ರಾತ್ರಿಯೇ ರಟ್ಟಿನ ಮೇಲೆ ಮನೆ ಬರೆದು, ಬೀಜ ಸಿಗದೆ ಪಿಸ್ತಾ ಸಿಪ್ಪೆ ಹಾಕಿ ಆಡಿದನಂತೆ. ಪಿಸ್ತಾ ಸಿಪ್ಪೆ ಹುಣಸೆ ಬೀಜಕ್ಕಿಂತ ಚೆನ್ನಾಗಿ ಬೀಳುತ್ತೆ ಅಂತ ಬರೆದಿದ್ದ. ನಾನೂ ಹಾಕಿ ನೋಡಿದೆ. ನಿಜ.

ಮಂಗಳೂರು ಕಡೆಯವರೊಬ್ಬರು ಅಳಗುಳಿ ಮಣೆ ನೆನಪಿಸಿದರು. ಅವರಲ್ಲಿ ಅದು ಚೆನ್ನೆಮಣೆ. ಹದಿನಾಲ್ಕು ಗುಳಿ, ಗುಳಿಗೆ ನಾಲ್ಕು ಕಾಯಿ, ಒಟ್ಟು 56. ನಮ್ಮಲ್ಲಿ ಬೇಸಿಗೆ ಮಧ್ಯಾಹ್ನದ ಆಟ. ಅವರಲ್ಲಿ ಆಟಿ ತಿಂಗಳ ಮಳೆ ಹೊಯ್ಯುವಾಗಲೇ ಮಣೆ ಕೆಳಗಿಳಿಸುವುದು. ಒಂದೇ ಮಣೆ, ನಮಗೆ ಬಿಸಿಲಿಗೆ ಒಳಗೆ ಕೂತಾಗ, ಅವರಿಗೆ ಮಳೆಗೆ ಒಳಗೆ ಕೂತಾಗ. ಇದು ಯಾವ ಪ್ರಬಂಧದಲ್ಲಿ ಸಿಗುತ್ತೆ ಹೇಳಿ?

ಇಂಥದ್ದನ್ನೆಲ್ಲ ಬರೆಯುವುದು ಚಿಲ್ಲರೆ ಕೆಲಸ ಅಂತ ನಮ್ಮ ಮಗನ ಅಭಿಪ್ರಾಯ. ನಾನು ಒಪ್ಪಲ್ಲ. ಚಿಲ್ಲರೆ ಇಲ್ಲದೆ ಬಸ್ ಓಡಿಸಿ ನೋಡಲಿ. ಮುಮ್ಮಡಿ ಕೃಷ್ಣರಾಜ ಒಡೆಯರು ಮಣೆಯಾಟಗಳನ್ನು ಚಿತ್ರ ಸಮೇತ ಬರೆಸಿಟ್ಟರು, ತಾವೇ ಹೊಸ ಆಟ ಕಟ್ಟಿದರು. ರಾಜರಿಗೆ ಅದು ಚಿಲ್ಲರೆ ಅನ್ನಿಸಲಿಲ್ಲ. ಹಂಪಿಗೆ ಹೋದರೆ ಕಲ್ಲುಹಾಸಿನ ಮೇಲೆ ಯಾರೋ ಕೊರೆದ ಆಟದ ಮನೆಗಳು ಈಗಲೂ ಕಾಣುತ್ತವೆ. ಮನೆ ಇದೆ, ಆಡಿದವರ ಜಗಳ ಏನಿತ್ತು ಅಂತ ಗೊತ್ತಿಲ್ಲ.

ಮಳೆ ವಿಷಯ ಚುಟುಕಾಗಿ ಹೇಳುತ್ತೇನೆ. ನಮ್ಮ ಸೀಮೆ ಬಯಲು. ಮೇ ತಿಂಗಳಲ್ಲಿ ಎಲ್ಲರೂ ಆಕಾಶ ನೋಡುವವರೇ. ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ ಅನ್ನುತ್ತಾರೆ. ಎಷ್ಟು ಬಂತು ಅಂದರೆ ಮಾತ್ರ ‘ಜೋರಾಗಿ ಬಂತು’ ಅಂತಾರೆ, ಅಷ್ಟೆ. ನಾನು ತಾರಸಿ ಮೇಲೆ, ಗೋಡೆ ಮರೆ ಇಲ್ಲದ ಕಡೆ ಒಂದು ನೆಟ್ಟಗಿನ ಡಬ್ಬ ಇಟ್ಟಿದ್ದೇನೆ. ಬಾಯಿ, ಬುಡ ಎರಡೂ ಒಂದೇ ಅಗಲ ಇರಬೇಕು. ಬೆಳಿಗ್ಗೆ ಎಂಟೂವರೆಗೆ ಮೊಮ್ಮಗಳು ಸ್ಕೇಲ್ ಇಳಿಸಿ ನೋಡುತ್ತಾಳೆ. ಹವಾಮಾನ ಇಲಾಖೆಯವರು ಅಳೆಯುವುದೂ ಅದೇ ಹೊತ್ತಿಗೆ. ಒಂದು ಮಿಲಿಮೀಟರ್ ಮಳೆ ಅಂದರೆ ಒಂದು ಚದರ ಮೀಟರ್ ಜಾಗಕ್ಕೆ ಒಂದು ಲೀಟರ್ ನೀರು. ಹಾಗೆ ಲೆಕ್ಕ ಹಾಕಿದರೆ 30×40 ಅಡಿ ಸೈಟಿನ ಮೇಲೆ 20 ಮಿಲಿಮೀಟರ್ ಬಿದ್ದರೆ ಸುಮಾರು 2,200 ಲೀಟರ್. ಸಾವಿರ ಲೀಟರಿನ ಎರಡು ಟ್ಯಾಂಕ್ ತುಂಬಿ ಮಿಗುತ್ತೆ. ಈ ಲೆಕ್ಕ ಅವಳೇ ಹಾಕಿದ್ದು. ಹಾಕಿದವಳು ಬೀದಿಗೆ ಇಳಿದು ಹರಿಯುತ್ತಿದ್ದ ನೀರು ನೋಡಿ, ‘ತಾತ, ನಮ್ಮ ಟ್ಯಾಂಕ್ ಹೋಗ್ತಿದೆ’ ಅಂದಳು. ಆ ಮಾತನ್ನು ಹಾಗೇ ಬರೆದು ಹಾಕು ಅಂದೆ. ಹಾಕಿದಳು. ಅವಳು ಕನ್ನಡದಲ್ಲಿ ತಾನೇ ಬರೆದ ಮೊದಲ ಬರಹ ಅದು.

ಟೈಪ್ ಮಾಡೋಕೆ ಬರಲ್ಲ ಅನ್ನುವ ಹಿರಿಯರಿಗೆ ಒಂದು ಮಾತು. ಮಾತಾಡಿದರೆ ಫೋನೇ ಬರೆದುಕೊಳ್ಳುತ್ತೆ. ಆದರೆ ಕಳಿಸುವ ಮೊದಲು ಒಮ್ಮೆ ಓದಿ. ನಾನು ‘ನಾಲ್ಕು ಕವಡೆ ಅಂಗಾತ ಬಿದ್ದರೆ’ ಅಂದದ್ದನ್ನು ಅದು ‘ನಾಲ್ಕು ಕವಿತೆ ಅಂಗಾತ ಬಿದ್ದರೆ’ ಅಂತ ಮಾಡಿತ್ತು. ಓದಿದ ಕವಿಯೊಬ್ಬರು ನನ್ನ ಮೇಲೆ ಮುನಿಸಿಕೊಂಡರು.

ಈಗ ನನ್ನ ಬೇಡಿಕೆಗೆ ಬರುತ್ತೇನೆ. ಬೇಸಿಗೆ ಮುಗಿಯುವವರೆಗಾದರೂ ಪುರವಣಿಯಲ್ಲಿ ಕಾಲು ಪುಟ ಓದುಗರಿಗೆ ಬಿಡಿ. ಹವ್ಯಾಸದಿಂದ ಏನು ಲಾಭ ಅಂತ ಬರೆದರೆ ಹಾಕಬೇಡಿ. ಮಿಡಿ ಮಾವಿಗೆ ಉಪ್ಪು ಎಷ್ಟು ಸೇರು, ಬುಗುರಿಗೆ ಚಾಟಿ ಎಷ್ಟು ಸುತ್ತು, ಲಗೋರಿಗೆ ನಿಮ್ಮ ಕೇರಿಯಲ್ಲಿ ಎಷ್ಟು ಬಿಲ್ಲೆ, ನೀರಿನ ಬಟ್ಟಲು ಇಟ್ಟರೆ ನಿಮ್ಮ ಮಹಡಿಗೆ ಯಾವ ಹಕ್ಕಿ ಎಷ್ಟು ಗಂಟೆಗೆ ಬಂತು, ಅದನ್ನು ಹಾಕಿ. ಇನ್ನೊಂದು ಮಾತು. ಅದನ್ನು ನಿಮ್ಮ ಜಾಲತಾಣದಲ್ಲೂ ಹಾಕಿ, ಆದರೆ ಪುಟದ ಫೋಟೊ ಹಾಕಬೇಡಿ, ಅಕ್ಷರವನ್ನೇ ಹಾಕಿ. ಫೋಟೊದಲ್ಲಿರುವ ಕನ್ನಡ ಹುಡುಕಿದರೆ ಸಿಗೋದು ಕಷ್ಟ. ಹಳೇ ಫಾಂಟಿನಲ್ಲಿ ಟೈಪ್ ಮಾಡಿದ್ದೂ ಸಿಗಲ್ಲ, ಎಲ್ಲ ಫೋನೂ ಕಂಪ್ಯೂಟರೂ ಓದುವ ಯೂನಿಕೋಡ್ ಅಕ್ಷರ ಆಗಬೇಕು. ಇದು ನನಗೆ ಹೇಳಿಕೊಟ್ಟದ್ದು ಮೊಮ್ಮಗಳೇ. ಅಷ್ಟು ಚೆನ್ನಾಗಿ ಬರೆಯುವ ಜನ ನಮ್ಮಲ್ಲಿದ್ದಾರೆ, ಬಣ್ಣದ ಚೌಕದೊಳಗೆ ಅಕ್ಷರ ಅಂಟಿಸಿ ಕಳಿಸಿಬಿಡುತ್ತಾರೆ. ನಾಳೆ ಇನ್ನೊಂದು ಹುಡುಗಿ ಫೋನಲ್ಲಿ ‘ಚೌಕಾಬಾರ’ ಅಂತ ಹುಡುಕಿದಾಗ ಅವಳಿಗೆ ಮತ್ತೆ ‘ಮನಸ್ಸಿಗೆ ಉಲ್ಲಾಸ’ವೇ ಸಿಗೋದು.

ಮೊಮ್ಮಗಳ ಪ್ರಬಂಧದ ಗತಿ ಏನಾಯಿತು ಅಂತ ಕೇಳುತ್ತೀರಿ. ಅರ್ಧ ಪುಟ ಹರಿದು ಹಾಕಿದಳು. ಈಗ ಡಬ್ಬದ ಮಳೆ ಲೆಕ್ಕ ಬರೆಯುತ್ತಿದ್ದಾಳೆ. ಮೇಡಂ ಎಷ್ಟು ಮಾರ್ಕ್ಸ್ ಕೊಡುತ್ತಾರೋ ನೋಡಬೇಕು.

ಕೊನೆಗೆ ನಿಮ್ಮ ಓದುಗರಿಗೆ ಒಂದು ಪ್ರಶ್ನೆ. ನಮ್ಮ ಅಮ್ಮ ಏಳು ಮನೆಯ ಚೌಕಾಬಾರ ಆಡುತ್ತಿದ್ದರು. ಏಳೇಳು, ನಲವತ್ತೊಂಬತ್ತು ಮನೆ. ಒಂದೇ ಮನೆಯಲ್ಲಿ ತಮ್ಮವೇ ಎರಡು ಕಾಯಿ ಕೂತರೆ ಅವನ್ನು ಜೋಡಿ ಕಟ್ಟಿ ನಡೆಸುತ್ತಿದ್ದರು. ಜೋಡಿಯನ್ನು ಜೋಡಿಯೇ ಕಡಿಯಬೇಕಿತ್ತು. ಆದರೆ ಬೆಸ ಬಿದ್ದಾಗ ಜೋಡಿ ಎಷ್ಟು ಮನೆ ಹೋಗುತ್ತಿತ್ತು? ಒಂಟಿ ಕಾಯಿ ಅದರ ಮುಂದೆ ದಾಟಬಹುದಿತ್ತೋ ಇಲ್ಲವೋ? ನೆನಪಿಲ್ಲ. ಅಮ್ಮ ಹೋಗಿ ಹನ್ನೊಂದು ವರ್ಷ ಆಯಿತು. ಜಗಲಿ ಮೇಲೆ ನಲವತ್ತೊಂಬತ್ತು ಮನೆ ಬರೆದಿಟ್ಟು ಕೂತಿದ್ದೇವೆ. ಬಲ್ಲವರು ದಯವಿಟ್ಟು ಬೇಗ ಬರೆಯಿರಿ. ಇವಳು ಮೇ ಕೊನೆಗೆ ಬೆಂಗಳೂರಿಗೆ ಹೊರಡುತ್ತಾಳೆ.

ಇಂತಿ ನಿಮ್ಮ,
ಒಬ್ಬ ನಿವೃತ್ತ ಕಂಡಕ್ಟರ್
ಅರಸೀಕೆರೆ