ಬೈದರೇನೇ ಗೆಲ್ಲೋದಾ? ಗೆಳೆಯನಿಗೊಂದು ಪತ್ರ

ಗೆಳೆಯಾ,

ಕಾಲೇಜು ತಂಡಕ್ಕೆ ಕೋಚ್ ಆಗಿ ಸೇರುತ್ತಿದ್ದೀಯ ಅಂತ ಕೇಳಿ ಎಷ್ಟು ಖುಷಿಯಾಯಿತು ಗೊತ್ತಾ? ಆಮೇಲೆ "ನಮ್ಮ ಕೋಚ್ ಸಾರ್ ಥರಾನೇ ಬೈದು ಬೆಳೆಸ್ತೀನಿ" ಅಂದೆಯಲ್ಲ, ಅದು ತಲೆಯಲ್ಲೇ ಉಳಿದುಬಿಟ್ಟಿದೆ. ಫೋನಿನಲ್ಲಿ ನಿನ್ನ ಜೊತೆ ವಾದ ಮಾಡಿ ಗೆದ್ದವರಿಲ್ಲ. ಅದಕ್ಕೇ ಎಲ್ಲರ ಮುಂದೆ ಬರೆಯುತ್ತಿದ್ದೇನೆ.

"ಬಾಬಿ ನೈಟ್ ಬೈದೇ ಗೆದ್ದಿದ್ದು ಅಲ್ವಾ?" ಅಂದೆ. ಗೆದ್ದ, ನಿಜ. ಅಮೆರಿಕದ ಇಂಡಿಯಾನಾ ವಿಶ್ವವಿದ್ಯಾಲಯದ ಬ್ಯಾಸ್ಕೆಟ್‌ಬಾಲ್ ತಂಡಕ್ಕೆ ಕೋಚ್ ಆಗಿ 1976, 1981, 1987ರಲ್ಲಿ ರಾಷ್ಟ್ರೀಯ ಪ್ರಶಸ್ತಿ ತಂದುಕೊಟ್ಟ. 1985ರಲ್ಲಿ ಪಂದ್ಯ ನಡೆಯುವಾಗಲೇ ಅಂಕಣಕ್ಕೆ ಕುರ್ಚಿ ಎಸೆದ. ಅಭ್ಯಾಸದಲ್ಲಿ ಆಟಗಾರನೊಬ್ಬನ ಕುತ್ತಿಗೆಗೆ ಕೈ ಹಾಕಿದ ವಿಡಿಯೋ 2000ದಲ್ಲಿ ಹೊರಬಂತು, ಅದೇ ವರ್ಷ ಕೆಲಸವೂ ಹೋಯಿತು. ಕುರ್ಚಿ ಎಲ್ಲರಿಗೂ ನೆನಪಿದೆ. ಆತ ಆಟವನ್ನು ಎಷ್ಟು ಆಳವಾಗಿ ಬಲ್ಲವನಾಗಿದ್ದ ಅನ್ನುವುದನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಗೆಲ್ಲಿಸಿದ್ದು ಅದೇ ಅಂತ ನನ್ನ ನಂಬಿಕೆ.

ಇನ್ನೊಬ್ಬ ಬ್ಯಾಸ್ಕೆಟ್‌ಬಾಲ್ ಕೋಚ್ ಜಾನ್ ವುಡನ್‌ನ ನೋಡು. ಲಾಸ್ ಏಂಜಲೀಸ್‌ನ ಯುಸಿಎಲ್‌ಎ ವಿಶ್ವವಿದ್ಯಾಲಯದ ತಂಡಕ್ಕೆ 12 ವರ್ಷದಲ್ಲಿ 10 ರಾಷ್ಟ್ರೀಯ ಪ್ರಶಸ್ತಿ! ಆತ ಮೊದಲ ದಿನ ಹುಡುಗರಿಗೆ ಕಾಲುಚೀಲ ಹಾಕಿಕೊಳ್ಳುವುದನ್ನು ಹೇಳಿಕೊಡುತ್ತಿದ್ದ. ಬೆರಳಿನ ಹತ್ತಿರ, ಹಿಮ್ಮಡಿಯ ಹತ್ತಿರ ಒಂದೂ ಸುಕ್ಕು ಇರಬಾರದು. ಸುಕ್ಕಿದ್ದರೆ ಬೊಬ್ಬೆ ಏಳುತ್ತದೆ, ಬೊಬ್ಬೆ ಎದ್ದರೆ ಅಭ್ಯಾಸ ತಪ್ಪುತ್ತದೆ. 1974-75ರಲ್ಲಿ ಇಬ್ಬರು ಮನಶ್ಶಾಸ್ತ್ರಜ್ಞರು ಅಭ್ಯಾಸದ ವೇಳೆ ಕೂತು, ಆತ ಏನೇನು ಹೇಳಿದ ಅಂತ ಗುರುತು ಹಾಕಿಕೊಂಡರು. ಮುಕ್ಕಾಲು ಪಾಲು ಬರೀ ಪಾಠ: ಏನು ಮಾಡಬೇಕು, ಹೇಗೆ ಮಾಡಬೇಕು. ಹೊಗಳಿಕೆ ನೂರಕ್ಕೆ ಏಳೂ ಇಲ್ಲ. ಬೈದರೂ, ಬೆನ್ನಿಗೇ ಸರಿಯಾದ ರೀತಿ ತೋರಿಸುತ್ತಿದ್ದ. ಬೆನ್ನು ತಟ್ಟುತ್ತಾ ಕೂತರೆ ಹುಡುಗರು ಹಾಳಾಗ್ತಾರೆ ಅಂದೆಯಲ್ಲ, ಬೆನ್ನು ತಟ್ಟು ಅಂತ ಯಾರು ಹೇಳಿದರು? ಹೇಳಿಕೊಡು ಅಷ್ಟೇ.

ನಮ್ಮ ಸಾರ್ ಹೇಳಿಕೊಟ್ಟದ್ದೇನು? "ದಂಡಪಿಂಡ" ಅನ್ನುತ್ತಿದ್ದರು. ಪಾಸ್ ಯಾಕೆ ತಪ್ಪಿತು ಅಂತ ಒಂದು ದಿನವೂ ಹೇಳಲಿಲ್ಲ. ಚೆಂಡು ಕೈಗೆ ಬಂದ ಕೂಡಲೇ ನನ್ನ ಕಣ್ಣು ಅವರ ಮುಖದ ಕಡೆ ಹೋಗುತ್ತಿತ್ತು.

2018ರಲ್ಲಿ ಮೇರಿಲ್ಯಾಂಡ್ ವಿಶ್ವವಿದ್ಯಾಲಯದ ಅಮೆರಿಕನ್ ಫುಟ್‌ಬಾಲ್ ತಂಡದ 19 ವರ್ಷದ ಹುಡುಗನೊಬ್ಬ ಅಭ್ಯಾಸದಲ್ಲಿ ಮೈಯ ಶಾಖ ವಿಪರೀತ ಏರಿ ಕುಸಿದ. ಎರಡು ವಾರದ ನಂತರ ತೀರಿಕೊಂಡ. ಆಮೇಲಿನ ತನಿಖೆಯಲ್ಲಿ ಗೊತ್ತಾಯಿತು, ಆಟಗಾರರು ಬಾಯಿ ಬಿಡಲು ಹೆದರುತ್ತಿದ್ದರು ಅಂತ. ಆಡಿಸುವುದು ಬಿಡುವುದು ಕೋಚ್ ಕೈಯಲ್ಲಿ, ಸ್ಕಾಲರ್‌ಶಿಪ್ಪೂ ಬಹುಪಾಲು ಅವರ ಕೈಯಲ್ಲೇ. ಯಾರು ಮಾತಾಡುತ್ತಾರೆ ಹೇಳು?

ಇದನ್ನು ಮೊನ್ನೆ ಮತ್ತೆ ಓದುವಾಗ ನಾವೇ ಕಣ್ಣ ಮುಂದೆ ಬಂದೆವು. ಸಾರ್ ನಿನ್ನನ್ನು ಎಲ್ಲರ ಮುಂದೆ ನಿಲ್ಲಿಸಿ ಬೈಯುತ್ತಿದ್ದಾಗ ನನಗೆ ನಿರಾಳ ಆಗುತ್ತಿತ್ತು ಕಣೋ. ಇವತ್ತು ನನ್ನ ಸರದಿ ಅಲ್ಲ ಅಂತ. ನೀನು ಬಂದು ಬಗ್ಗಿ ಲೇಸ್ ಕಟ್ಟಿಕೊಳ್ಳುತ್ತಾ ಕೂರುತ್ತಿದ್ದೆ. ಲೇಸ್ ಬಿಚ್ಚಿರುತ್ತಿರಲಿಲ್ಲ, ನನಗೆ ಕಾಣುತ್ತಿತ್ತು. ಜೀವದ ಗೆಳೆಯನ ಅವಮಾನ ನೋಡಿ ಉಸಿರು ಬಿಡುವ ಹಾಗೆ ಆಗಿತ್ತು ನಮ್ಮ ತಂಡ. ಇಷ್ಟೆಲ್ಲ ಬರೆಯಬೇಕು ಅಂತ ಕೂತಿರಲಿಲ್ಲ.

ಸರಿ ಬಿಡು, ಜಾಸ್ತಿ ಭಾರವಾಯಿತು. ಮೊದಲ ದಿನ ಕಾಲುಚೀಲದಿಂದಲೇ ಶುರು ಮಾಡು, ಹುಡುಗರು ನಕ್ಕರೆ ನಗಲಿ. ಮೊದಲ ಪಂದ್ಯಕ್ಕೆ ನಾನು ಬಂದೇ ಬರ್ತೀನಿ, ಮುಂದಿನ ಸಾಲಲ್ಲಿ ಒಂದು ಜಾಗ ಹಿಡಿದಿಡು. ಶಿಳ್ಳೆ ಹೊಡೆಯುವ ಕೆಲಸ ನನ್ನದು.

ನಿನ್ನವನೇ