ಹಿಂದೆ ನಿಂತವರ ಹೆಸರು ಬೇಕಾಗಿದೆ

ಮಾನ್ಯರೇ,

ಮಡಿಕೇರಿಯ ಮಳೆಯ ಬಗ್ಗೆ ನಿಮಗೆ ಹೇಳಬೇಕಾದ್ದಿಲ್ಲ. ಆಟಿ ತಿಂಗಳಲ್ಲಿ ಒಗೆದ ಬಟ್ಟೆಯನ್ನು ಒಲೆಯ ಮೇಲೆ ಹಗ್ಗ ಕಟ್ಟಿ ಒಣಗಿಸುವ ಊರು. ಇಂಥ ಊರಲ್ಲಿ ಹಳೆಯ ಫೋಟೊಗಳನ್ನು ಕಾಪಾಡುತ್ತೇವೆಂದು ಹೊರಟ ನಮ್ಮ ಟ್ರಸ್ಟ್ ಈಗ ನಿಮ್ಮ ಮುಂದೆ ಕೈಚಾಚಿದೆ.

ಇದೆಲ್ಲ ಶುರುವಾದದ್ದು ಒಂದೇ ಒಂದು ಫೋಟೊದಿಂದ. ಕಾಫಿ ತೋಟದ ಬಂಗಲೆಯ ಮುಂದೆ ತೆಗೆದದ್ದು. ಬೆತ್ತದ ಕುರ್ಚಿಯಲ್ಲಿ ತೋಟದ ಬಿಳಿಯ ದೊರೆ, ಪಕ್ಕದಲ್ಲಿ ದೊರೆಸಾನಿ, ಕಾಲ ಬಳಿ ನಾಯಿ. ಹಿಂದೆ ಸಾಲಾಗಿ ಏಳು ಜನ. ಕೆಳಗೆ ಮಸಿಯಲ್ಲಿ ದೊರೆಯ ಹೆಸರಿದೆ, ದೊರೆಸಾನಿಯ ಹೆಸರಿದೆ, ನಾಯಿಯದೂ ಇದೆ. ಹಿಂದೆ ನಿಂತ ಏಳು ಜನರದ್ದು ಮಾತ್ರ ಇಲ್ಲ. ಕಳೆದ ವರ್ಷ ಒಬ್ಬ ಅಜ್ಜಿ ಬಂದು ಬಹಳ ಹೊತ್ತು ನೋಡಿದರು. ಮೂರನೆಯವರ ಮುಖ ಅವರಿಗೆ ತಿಳಿಯಲಿಲ್ಲ. ಆದರೆ ಆ ಮೂರನೆಯವರು ಕುಪ್ಯದ (ಕೊಡವರ ನಿಲುವಂಗಿಯ) ಮೇಲೆ ಸಿಕ್ಕಿಸಿದ್ದ ಪೀಚೆಕತ್ತಿ ಕಂಡೊಡನೆ ಅಜ್ಜಿ, "ಈ ಕತ್ತಿ ನಮ್ಮ ಐನ್‌ಮನೆಯಲ್ಲಿದೆಯಲ್ಲ!" ಅಂದರು. ಕತ್ತಿ ಅವರ ಕುಟುಂಬದ ಮೂಲಮನೆಯದು; ಹೀಗೆ ಒಂದು ಹೆಸರು ಸಿಕ್ಕಿತು.

1834ರ ಏಪ್ರಿಲ್‌ನಲ್ಲಿ ಕೊಡಗಿನ ಕೊನೆಯ ಅರಸ ಚಿಕ್ಕವೀರರಾಜೇಂದ್ರ ಈಸ್ಟ್ ಇಂಡಿಯಾ ಕಂಪನಿಗೆ ಶರಣಾದಾಗ ಫೋಟೊ ವಿದ್ಯೆ ಇನ್ನೂ ಲೋಕದ ಕಣ್ಣಿಗೆ ಬಿದ್ದಿರಲಿಲ್ಲ. ಅದು ಬಹಿರಂಗವಾದದ್ದು 1839ರಲ್ಲಿ. ಹಾಗಾಗಿ ಅರಸರು ಕೋಟೆ ಬಿಟ್ಟು ಹೊರಟ ದಿನದ ಫೋಟೊ ಇದೆಯೆಂದು ಯಾರಾದರೂ ಮಾರಲು ಬಂದರೆ ಬಾಗಿಲು ಹಾಕಿಕೊಳ್ಳಿ. ಮಡಿಕೇರಿಯ ಬಳಿ ಯುರೋಪಿಯನ್ನರ ಮೊದಲ ಕಾಫಿ ತೋಟ ಎದ್ದದ್ದು 1854ರಲ್ಲಿ. ಕೋಟೆಯೊಳಗೆ ವೀರಭದ್ರ ದೇವರ ಗುಡಿಯಿದ್ದ ಜಾಗದಲ್ಲಿ ಸೇಂಟ್ ಮಾರ್ಕ್ಸ್ ಚರ್ಚು, ಅಂದರೆ ಈಗಿನ ಸರ್ಕಾರಿ ವಸ್ತುಸಂಗ್ರಹಾಲಯ, ಬಂದದ್ದೂ ಆ ದಶಕದಲ್ಲೇ. ನಾವು ಹುಡುಕುತ್ತಿರುವುದು ಅಲ್ಲಿಂದ ಮುಂದಿನ ಚಿತ್ರಗಳನ್ನು: ಮಹದೇವಪೇಟೆಯ ಅಂಗಡಿಸಾಲು, ಓಂಕಾರೇಶ್ವರನ ಕೆರೆ, ತೋಟಕ್ಕೆ ಗಟ್ಟದ ಕೆಳಗಿನಿಂದ ಬಂದ ಕೂಲಿಯವರು, ಶಾಲೆಯ ಮಕ್ಕಳು.

ಅರಸರ ಮಗಳು ಗೌರಮ್ಮನನ್ನು 1852ರಲ್ಲಿ ಲಂಡನ್ನಿಗೆ ಕರೆದೊಯ್ದರು. ಆಕೆಯ ಕ್ರೈಸ್ತ ದೀಕ್ಷೆಗೆ ವಿಕ್ಟೋರಿಯಾ ರಾಣಿಯೇ ಧರ್ಮಮಾತೆಯಾಗಿ ನಿಂತಳು, ಆಸ್ಥಾನದ ಕಲಾವಿದ ವಿಂಟರ್‌ಹಾಲ್ಟರ್ ಆಕೆಯ ಚಿತ್ರ ಬರೆದ. 1864ರಲ್ಲಿ, ಇನ್ನೂ ಚಿಕ್ಕ ವಯಸ್ಸಿನಲ್ಲೇ ಗೌರಮ್ಮ ತೀರಿಕೊಂಡಳು. ಊರು ಬಿಟ್ಟು ಹೋದವಳ ಚಿತ್ರ ಬ್ರಿಟಿಷ್ ರಾಜಮನೆತನದ ಸಂಗ್ರಹದಲ್ಲಿ ಇಂದಿಗೂ ಜೋಪಾನವಾಗಿದೆ. ಊರಲ್ಲೇ ಉಳಿದವರ ಚಿತ್ರ ಅಟ್ಟದ ಟ್ರಂಕಿನಲ್ಲಿ ಬೂಷ್ಟು ಹಿಡಿಯುತ್ತಿದೆ.

ಬೂಷ್ಟು ಹಿಡಿಯದೆ ಇನ್ನೇನಾದೀತು? ಆ ಕಾಲದ ಫೋಟೊ ಕಾಗದಕ್ಕೆ ಬಳಿಯುತ್ತಿದ್ದದ್ದು ಕೋಳಿಮೊಟ್ಟೆಯ ಬಿಳಿ. ಆಮೇಲೆ ಬಂದದ್ದು ಜೆಲಟಿನ್. ಎರಡೂ ಬೂಷ್ಟಿಗೆ ಹಬ್ಬದೂಟ. ತೇವ ಹೆಚ್ಚಾದರೆ ಚಿತ್ರ ಚೌಕಟ್ಟಿನ ಗಾಜಿಗೇ ಅಂಟಿಕೊಳ್ಳುತ್ತದೆ. ಹಾಗೆ ಅಂಟಿದ್ದರೆ ದಯವಿಟ್ಟು ಕೀಳಬೇಡಿ, ಗಾಜಿನ ಸಮೇತ ತನ್ನಿ.

ಈ ಮಳೆಗಾಲದೊಳಗೆ ಒಂದು ಕೋಣೆಯನ್ನಾದರೂ ಒಣಗಿಸಿಟ್ಟುಕೊಳ್ಳಬೇಕು. ಗಾಳಿಯ ತೇವ ಹೀರುವ ಎರಡು ಯಂತ್ರ, ಕರೆಂಟು ಹೋದಾಗ (ಹೋಗದ ದಿನವಿದೆಯೇ!) ಅವನ್ನು ನಡೆಸುವ ಬ್ಯಾಟರಿ, ಒಂದು ಒಳ್ಳೆಯ ಸ್ಕ್ಯಾನರ್, ಆಮ್ಲವಿಲ್ಲದ ಕಾಗದದ ಪೆಟ್ಟಿಗೆಗಳು. ಒಟ್ಟು ₹4,20,000 ಬೇಕು. ₹1,10,000 ಕೂಡಿದೆ. ₹300 ಕೊಟ್ಟರೆ ಒಂದು ಫೋಟೊ ಸ್ವಚ್ಛವಾಗಿ, ಸ್ಕ್ಯಾನ್ ಆಗಿ, ಪೆಟ್ಟಿಗೆ ಸೇರುತ್ತದೆ. ಎಷ್ಟೇ ಕೊಟ್ಟರೂ ರಸೀದಿ ಉಂಟು. ದಾನ ಕೊಟ್ಟವರಿಗೆ ತೆರಿಗೆ ವಿನಾಯಿತಿ ಕೊಡಿಸುವ ಮಾನ್ಯತೆ ನಮಗಿನ್ನೂ ಸಿಕ್ಕಿಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇವೆ.

ನಿಮ್ಮ ಮನೆಯ ಫೋಟೊ ನಮಗೆ ಕೊಟ್ಟುಬಿಡಿ ಎಂದು ಕೇಳುತ್ತಿಲ್ಲ. ಪ್ರತಿ ತೆಗೆದುಕೊಂಡು ಅಂದೇ ಹಿಂತಿರುಗಿಸುತ್ತೇವೆ. ಕೇಳುವುದು ಇಷ್ಟೇ: ಬರುವಾಗ ಮನೆಯ ಹಿರಿಯರನ್ನೂ ಕರೆತನ್ನಿ. ಬಂಗಲೆಯ ಫೋಟೊವನ್ನು ಬಾಗಿಲ ಪಕ್ಕದ ಮೇಜಿನ ಮೇಲೆ, ಭೂತಗನ್ನಡಿಯ ಜೊತೆ ಇಟ್ಟಿದ್ದೇವೆ. ಇನ್ನೂ ಆರು ಜನ ಬಾಕಿ.

ಇಂತಿ,
ಟ್ರಸ್ಟಿನ ಸದಸ್ಯರು, ಮಡಿಕೇರಿ