ಸೋಫಾದಿಂದ ಗೋಡೆಗೆ ಹತ್ತು ಅಡಿ

ಸಾಗರ

ಚಿ. ಪುಟ್ಟುವಿಗೆ ನಿನ್ನ ಸೋದರಮಾವ ಮಾಡುವ ಆಶೀರ್ವಾದಗಳು. ಉಭಯ ಕುಶಲೋಪರಿ ಸಾಂಪ್ರತ.

ನಿನ್ನ ಪತ್ರ ಕಳೆದ ವಾರ ಕೈಸೇರಿತು. ಮನೆಯಲ್ಲಿರುವ 43 ಇಂಚಿನ ಫುಲ್ ಎಚ್‌ಡಿ ಟಿ.ವಿ.ಯನ್ನು ದೀಪಾವಳಿಯ ಎಕ್ಸ್‌ಚೇಂಜಿನಲ್ಲಿ ಕೊಟ್ಟು 55 ಇಂಚಿನ 4ಕೆ ಟಿ.ವಿ. ತರುವ ಯೋಚನೆ ಮಾಡಿರುವೆಯೆಂದೂ, ಅಂಗಡಿಯವನು ಹೇಳುವ ‘ನಾಲ್ಕು ಪಟ್ಟು ಸ್ಪಷ್ಟ’ ಎಂಬ ಮಾತು ಎಷ್ಟರಮಟ್ಟಿಗೆ ನಿಜವೆಂದೂ ಕೇಳಿದ್ದೀಯೆ. ಸೊಸೆಗೆ ಬೇಕು, ನಿನಗೆ ಅರ್ಧ ಮನಸ್ಸು, ನಿನ್ನ ಅಮ್ಮನಿಗೆ ಇರುವುದೇ ಸಾಕು ಎಂದೂ ಬರೆದಿದ್ದೀಯೆ. ಮನೆಯೊಳಗಿನ ಪಂಚಾಯಿತಿಗೆ ನಾನು ಬರುವುದಿಲ್ಲ. ಮೂವತ್ತು ವರ್ಷ ಟಿ.ವಿ. ರಿಪೇರಿಯಿಂದ ಹೊಟ್ಟೆ ಹೊರೆದವನಾಗಿ, ಯಂತ್ರದ ಮಟ್ಟಿಗೆ ತಿಳಿದದ್ದನ್ನು ಬರೆಯುತ್ತೇನೆ.

ಅಂಗಡಿಯವನ ಲೆಕ್ಕದಲ್ಲಿ ಸುಳ್ಳಿಲ್ಲ. ಫುಲ್ ಎಚ್‌ಡಿ ಪರದೆಯಲ್ಲಿ ಅಡ್ಡಕ್ಕೆ 1920, ಮೇಲಿಂದ ಕೆಳಕ್ಕೆ 1080, ಒಟ್ಟು ಸುಮಾರು 20.7 ಲಕ್ಷ ಚುಕ್ಕೆಗಳಿರುತ್ತವೆ. 4ಕೆ ಪರದೆಯಲ್ಲಿ ಅಡ್ಡಕ್ಕೆ 3840, ಮೇಲಿಂದ ಕೆಳಕ್ಕೆ 2160, ಒಟ್ಟು ಸುಮಾರು 83 ಲಕ್ಷ. ಚುಕ್ಕೆಗಳು ನಾಲ್ಕು ಪಟ್ಟು ಹೌದು. ಆದರೆ ಅವು ನಿಮ್ಮ ಕಣ್ಣಿಗೆ ಎಷ್ಟು ದಕ್ಕುತ್ತವೆಯೆಂಬುದನ್ನು ಅಂಗಡಿಯಲ್ಲಿ ನಿಂತು ಯಾರೂ ಹೇಳಲಾರರು, ಏಕೆಂದರೆ ಅದು ನಿಮ್ಮ ಸೋಫಾ ಎಲ್ಲಿದೆಯೆಂಬುದನ್ನು ಅವಲಂಬಿಸಿದೆ. ಕಣ್ಣಿನ ವೈದ್ಯರು 6/6 ಎನ್ನುವ ದೃಷ್ಟಿಗೆ ಒಂದು ಡಿಗ್ರಿಯ ಅರವತ್ತನೆಯ ಒಂದು ಭಾಗದಷ್ಟು ಸೂಕ್ಷ್ಮ ಅಂತರ ಕಾಣಿಸುತ್ತದೆ. ಹತ್ತು ಅಡಿ ದೂರದಿಂದ ನೋಡುವಾಗ ಅದು ಪರದೆಯ ಮೇಲೆ ಸುಮಾರು 0.9 ಮಿಲಿಮೀಟರ್ ಆಗುತ್ತದೆ. ನಿಮ್ಮ ಈಗಿನ ಟಿ.ವಿ.ಯ ಒಂದು ಚುಕ್ಕೆ ಅರ್ಧ ಮಿಲಿಮೀಟರ್ ಮಾತ್ರ. ಕೆಲವರ ಕಣ್ಣು ಇದಕ್ಕಿಂತ ಚುರುಕಾಗಿರುವುದುಂಟು; ಆದರೂ ಹುಬ್ಬಳ್ಳಿಯ ನಿಮ್ಮ ಮನೆಯಲ್ಲಿ ಕಳೆದ ಬಾರಿ ಕುಳಿತಿದ್ದಾಗ ಸೋಫಾಕ್ಕೂ ಗೋಡೆಗೂ ಹತ್ತು ಅಡಿಗೆ ಕಡಿಮೆಯಿಲ್ಲವೆಂದು ನನಗೆ ತೋರಿದ್ದರಿಂದ, ಈಗಿರುವ ಚುಕ್ಕೆಗಳನ್ನೇ ನಿಮ್ಮ ಕಣ್ಣುಗಳು ಬಿಡಿಬಿಡಿಯಾಗಿ ಕಾಣುತ್ತಿಲ್ಲವೆಂದು ಧೈರ್ಯವಾಗಿ ಹೇಳಬಲ್ಲೆ. 55 ಇಂಚಿನ ಪರದೆಯಲ್ಲಿ ಫುಲ್ ಎಚ್‌ಡಿಗೂ 4ಕೆಗೂ ಇರುವ ವ್ಯತ್ಯಾಸ ಕಣ್ಣಿಗೆ ಬೀಳತೊಡಗುವುದು ಸುಮಾರು ಏಳು ಅಡಿಗಿಂತ ಹತ್ತಿರ ಕುಳಿತಾಗ, ಪೂರ್ತಿಯಾಗಿ ದಕ್ಕುವುದು ಮೂರೂವರೆ ಅಡಿಯಲ್ಲಿ. ಅಷ್ಟು ಹತ್ತಿರ ಕುಳಿತರೆ ನಿನ್ನ ಅಮ್ಮ ನಿನ್ನನ್ನು ಇಂದಿಗೂ ಗದರಿಸಿ ಹಿಂದಕ್ಕೆ ಎಳೆಯುತ್ತಾಳೆ.

ಹಾಗಾಗಿ ಒಂದು ಪರೀಕ್ಷೆ ಮಾಡಿ ನೋಡು. ಯಾವುದಾದರೂ ಕನ್ನಡ ಸುದ್ದಿವಾಹಿನಿಯನ್ನು ಹಾಕಿ, ಪರದೆಯ ತಳದಲ್ಲಿ ಓಡುವ ಸಾಲನ್ನು ಓದು; ‘ರಾಷ್ಟ್ರೀಯ’, ‘ಸ್ವಾತಂತ್ರ್ಯ’ದಂಥ ಪದಗಳ ಒತ್ತಕ್ಷರಗಳನ್ನು ಗಮನಿಸು, ಏಕೆಂದರೆ ಚಿತ್ರ ಕೆಟ್ಟಿದ್ದರೆ ಮೊದಲು ಕಲಸಿಹೋಗುವುದು ಅವೇ. ಸೋಫಾದಿಂದ ಒತ್ತಕ್ಷರ ಬಿಡಿಸಿ ಕಾಣದೆ, ಎದ್ದು ಐದಾರು ಅಡಿಗೆ ಹೋದಾಗ ಸ್ಪಷ್ಟವಾದರೆ, ಪರದೆ ಚಿಕ್ಕದಾಗಿದೆ ಅಥವಾ ಕಣ್ಣು ಮಂದವಾಗಿದೆ ಎಂದರ್ಥ. ಹತ್ತಿರ ಹೋದ ಮೇಲೂ ಅಕ್ಷರದ ಅಂಚು ಕದಡಿದ ಹಾಗೆಯೇ ಇದ್ದರೆ, ದೋಷ ಬರುತ್ತಿರುವ ಪ್ರಸಾರದಲ್ಲಿದೆ, ಅದನ್ನು ಯಾವ ಹೊಸ ಟಿ.ವಿ.ಯೂ ಸರಿಪಡಿಸಲಾರದು. ಈ ಪರೀಕ್ಷೆಯನ್ನು ನೀನು, ಸೊಸೆ, ಅಮ್ಮ ಮೂವರೂ ಬೇರೆ ಬೇರೆಯಾಗಿ ಮಾಡಬೇಕು.

ಎರಡನೆಯ ದೋಷದ ಬಗ್ಗೆ ಸ್ವಲ್ಪ ವಿಸ್ತಾರವಾಗಿ ಬರೆಯುವೆ, ನನ್ನ ಕಸುಬಿನ ಅನುಭವ ಇರುವುದು ಅಲ್ಲಿಯೇ. 1982ರ ಏಷ್ಯಾಡ್ ವೇಳೆಗೆ ದೂರದರ್ಶನಕ್ಕೆ ಬಣ್ಣ ಬಂದ ಮೇಲೆ, ನಮ್ಮ ಕಡೆಯ ತೋಟದ ಮನೆಗಳವರು ಅಡಿಕೆ ಮಾರಿದ ಹಣದಲ್ಲಿ ಒಬ್ಬೊಬ್ಬರಾಗಿ ಕಲರ್ ಟಿ.ವಿ. ತಂದರು. ಅದಕ್ಕೂ ಮೊದಲು ಕಪ್ಪು-ಬಿಳುಪು ಪೆಟ್ಟಿಗೆಯ ಮುಂದೆ ಬಣ್ಣದ ಪ್ಲಾಸ್ಟಿಕ್ ಹಾಳೆ ಕಟ್ಟಿ, ಮೇಲೆ ನೀಲಿ ಆಕಾಶ, ಕೆಳಗೆ ಹಸಿರು ನೆಲ ಎಂದು ಸಂತೋಷಪಟ್ಟವರೂ ಅವರೇ. ಹೊಸ ಟಿ.ವಿ. ತಂದ ಎರಡೇ ದಿನಕ್ಕೆ ‘ಬಣ್ಣವೇ ಬರುವುದಿಲ್ಲ, ಅಂಗಡಿಯವನು ಮೋಸ ಮಾಡಿದ’ ಎಂದು ನನ್ನ ಬಾಗಿಲಿಗೆ ಬರುತ್ತಿದ್ದರು. ಹೋಗಿ ನೋಡಿದರೆ ಸೆಟ್ಟಿನಲ್ಲಿ ಯಾವ ದೋಷವೂ ಇರುತ್ತಿರಲಿಲ್ಲ. ಗುಡ್ಡದ ಮರೆಯಲ್ಲಿದ್ದ ಆ ಮನೆಗಳಿಗೆ ಸಿಗ್ನಲ್ ಎಷ್ಟು ಕ್ಷೀಣವಾಗಿ ಬರುತ್ತಿತ್ತೆಂದರೆ, ಬಣ್ಣದ ಗದ್ದಲವನ್ನು ತೋರಿಸುವುದಕ್ಕಿಂತ ಬಣ್ಣವನ್ನೇ ತೆಗೆದುಬಿಡುವುದು ಮೇಲೆಂದು ಸೆಟ್ಟಿನೊಳಗಿನ ‘ಕಲರ್ ಕಿಲ್ಲರ್’ ಎಂಬ ಸರ್ಕ್ಯೂಟು ತೀರ್ಮಾನಿಸಿ ಚಿತ್ರವನ್ನು ಕಪ್ಪು-ಬಿಳುಪಾಗಿ ಕೊಡುತ್ತಿತ್ತು. ಆಂಟೆನಾವನ್ನು ಎತ್ತರದ ಬಿದಿರಿಗೆ ಏರಿಸಿ ಬೂಸ್ಟರ್ ಹಾಕಿದ ಮೇಲೆ ಅದೇ ಸೆಟ್ಟಿನಲ್ಲಿ ಬಣ್ಣ ಬರುತ್ತಿತ್ತು. ಸಾವಿರಾರು ರೂಪಾಯಿಯ ಟಿ.ವಿ.ಯ ಬಣ್ಣ ಒಂದು ಬಿದಿರಿನ ಗಳದ ಮೇಲೆ ನಿಂತಿತ್ತು!

ನಿಮ್ಮ ಮನೆಯಲ್ಲಿ ಈಗ ಬಿದಿರಿನ ಗಳದ ಸ್ಥಾನದಲ್ಲಿರುವುದು ಸೆಟ್‌ಟಾಪ್ ಬಾಕ್ಸು ಮತ್ತು ಬ್ರಾಡ್‌ಬ್ಯಾಂಡು. ಅಮ್ಮ ಸಂಜೆಯಿಡೀ ನೋಡುವ ಧಾರಾವಾಹಿಗಳು ನಿಮ್ಮಲ್ಲಿ ಸಾಧಾರಣ ಎಸ್‌ಡಿ ವಾಹಿನಿಗಳಲ್ಲಿ ಬರುತ್ತಿರುವುದನ್ನು ನಾನು ಕಂಡಿದ್ದೇನೆ. ಎಸ್‌ಡಿ ಚಿತ್ರದಲ್ಲಿ ಹೆಚ್ಚೆಂದರೆ ಅಡ್ಡಕ್ಕೆ 720, ಮೇಲಿಂದ ಕೆಳಕ್ಕೆ 576 ಚುಕ್ಕೆಗಳಿರುತ್ತವೆ. ಅದನ್ನು 4ಕೆ ಪರದೆಯ ತುಂಬ ಹರಡಬೇಕಾದರೆ ಒಂದು ಚುಕ್ಕೆಯ ಜಾಗಕ್ಕೆ ಇಪ್ಪತ್ತು ಚುಕ್ಕೆಗಳನ್ನು ಟಿ.ವಿ. ತಾನೇ ಊಹಿಸಿ ತುಂಬಬೇಕು. ಸಾರಿಗೆ ನೀರು ಬೆರೆಸಿದರೆ ಅಳತೆ ಹೆಚ್ಚೀತು, ರುಚಿ ಹೆಚ್ಚದು. ಪರದೆ ದೊಡ್ಡದಾದಷ್ಟೂ ಆ ಚಿತ್ರದ ಕಲೆಗಳು ಎದ್ದು ಕಾಣುವುದರಿಂದ, ಹೊಸ ಟಿ.ವಿ. ಬಂದ ದಿನವೇ ಅಮ್ಮ ‘ಹಳೆಯದೇ ಚೆನ್ನಾಗಿತ್ತು’ ಎಂದರೆ ಅದನ್ನು ಮುದುಕಿಯ ಹಟವೆಂದು ತಿಳಿಯಬೇಡ. ಉದಯ, ಜೀ ಕನ್ನಡ, ಕಲರ್ಸ್ ಕನ್ನಡ, ಸುವರ್ಣ ಎಲ್ಲಕ್ಕೂ ಎಚ್‌ಡಿ ವಾಹಿನಿಗಳಿವೆ; ಬೇಕಾದ ವಾಹಿನಿಯನ್ನಷ್ಟೇ ಆಯ್ದು ಹಣ ಕೊಡುವ ಪದ್ಧತಿಯೂ 2019ರಿಂದ ಜಾರಿಯಲ್ಲಿದೆ. ಬಾಕ್ಸು ಎಚ್‌ಡಿಯದೇ ಎಂದು ನೋಡಿಕೊಂಡು, ಅವಳ ಎರಡು-ಮೂರು ವಾಹಿನಿಗಳನ್ನು ಎಚ್‌ಡಿಗೆ ಬದಲಾಯಿಸಿ, ಬಾಕ್ಸಿನಿಂದ ಟಿ.ವಿ.ಗೆ ಹೋಗುವ ತಂತಿ ಕೆಂಪು-ಬಿಳಿ-ಹಳದಿ ಪಿನ್ನಿನದಾಗಿದ್ದರೆ ಅದನ್ನು ತೆಗೆದು ಎಚ್‌ಡಿಎಂಐ ಹಾಕು. ಎಷ್ಟೋ ಮನೆಗಳಲ್ಲಿ ಎಚ್‌ಡಿ ಟಿ.ವಿ. ಬಂದು ವರ್ಷಗಳಾದರೂ ಆ ಮೂರು ಬಣ್ಣದ ತಂತಿ ಹಾಗೆಯೇ ಇರುವುದನ್ನು ಕಂಡು ನಾನು ನಕ್ಕಿದ್ದೇನೆ.

ನಿಜವಾದ 4ಕೆ ಬರುವುದು ಹೆಚ್ಚಾಗಿ ಇಂಟರ್ನೆಟ್ಟಿನ ಮೂಲಕ. ನೆಟ್‌ಫ್ಲಿಕ್ಸಿನಲ್ಲಿ ಅದು ಅತಿ ದುಬಾರಿ ಪ್ಲಾನಿನವರಿಗಷ್ಟೇ ಸಿಗುತ್ತದೆ, ಸೆಕೆಂಡಿಗೆ 15 ಮೆಗಾಬಿಟ್ ವೇಗ ಬೇಕು, ಗಂಟೆಗೆ 7 ಜಿಬಿಯವರೆಗೂ ಡೇಟಾ ಖರ್ಚಾಗುತ್ತದೆ. ನೀನು ದಿನಕ್ಕೆ ಎಷ್ಟು ಹೊತ್ತು ನೋಡುತ್ತೀಯೆಂಬ ಲೆಕ್ಕ ನಿನ್ನದು.

ಇಷ್ಟು ಹೇಳಿದರೂ, ಕೊಳ್ಳಲೇಬಾರದೆಂದು ನಾನು ಹಟ ಹಿಡಿಯುವುದಿಲ್ಲ. 55 ಇಂಚಿನ ಪರದೆಯ ವಿಸ್ತಾರ 43 ಇಂಚಿನದಕ್ಕಿಂತ ಸುಮಾರು ಶೇಕಡಾ 64ರಷ್ಟು ಹೆಚ್ಚು. ಹತ್ತು ಅಡಿಯಿಂದ ಕ್ರಿಕೆಟ್ ನೋಡುವಾಗ ಆ ವಿಸ್ತಾರದ ಸುಖ ಖಂಡಿತ ಇದೆ, ಮತ್ತು ಆ ಅಳತೆಯಲ್ಲಿ ಈಗ ಅಂಗಡಿಗಳಲ್ಲಿ ಸಿಗುವುದು ಬಹುಪಾಲು 4ಕೆಯೇ. ಹಾಗಾಗಿ ‘4ಕೆ ಬೇಕೇ’ ಎಂಬುದರ ಬದಲು ‘ದೊಡ್ಡ ಪರದೆ ಬೇಕೇ’ ಎಂದು ಸೊಸೆಯನ್ನು ಕೇಳು. ಬೇಕೆಂದರೆ ಅಂಗಡಿಗೆ ಹೋಗುವಾಗ ನಿಮ್ಮ ಧಾರಾವಾಹಿಯದೋ ಪಂದ್ಯದ್ದೋ ದೃಶ್ಯ ಹಾಕಿಸಿ ನೋಡಬೇಕೆಂದು ಪಟ್ಟು ಹಿಡಿ. ಅಲ್ಲಿ ದಿನವಿಡೀ ಓಡುವುದು ಪೆನ್‌ಡ್ರೈವಿನಲ್ಲಿರುವ ಜಲಪಾತ, ಹೂವು, ಗಿಳಿಗಳ ಚಿತ್ರ. ಬೆಳಕೂ ಬಣ್ಣವೂ ಗರಿಷ್ಠಕ್ಕೆ ಏರಿಸಿರುತ್ತಾರೆ. ಇದೇ ಕಸುಬಿನ ನಾನೂ ಅಂಥದೊಂದು ಗಿಳಿಗೆ ಮರುಳಾಗಿ ದೊಡ್ಡ ಟಿ.ವಿ. ತಂದವನು, ಮನೆಯಲ್ಲಿ ಕಿಟಕಿಯೆದುರು ಇಟ್ಟಾಗ ಹಗಲು ಹೊತ್ತು ಪರದೆಯಲ್ಲಿ ಕಂಡದ್ದು ನಮ್ಮ ಅಂಗಳವೇ. ಆದ್ದರಿಂದ ಚುಕ್ಕೆಗಿಂತ ಮೊದಲು ಹೊಳಪನ್ನೂ ಕಪ್ಪು ಎಷ್ಟು ಕಪ್ಪಾಗಿ ಕಾಣುತ್ತದೆಂಬುದನ್ನೂ ನೋಡು. ಅಗ್ಗದ ಸೆಟ್ಟಿನ ಡಬ್ಬಿಯ ಮೇಲೆ ಎಚ್‌ಡಿಆರ್ (ಹೊಳಪಿಗೂ ಕಪ್ಪಿಗೂ ಇರುವ ಅಂತರವನ್ನು ಹಿಗ್ಗಿಸಿ ತೋರಿಸುವ ವಿಧಾನ) ಎಂದು ಬರೆದಿರುವುದರಿಂದ ಆ ಹೊಳಪು ಬಂದುಬಿಡುವುದಿಲ್ಲ. ತಂದ ಮೇಲೆ ಬ್ಯಾಕ್‌ಲೈಟನ್ನು ನೂರರಲ್ಲಿ ಬಿಡದೆ ಇಳಿಸಿಕೊಳ್ಳಿ. ನಾನು ಬಿಚ್ಚಿ ನೋಡಿದ ಎಲ್‌ಇಡಿ ಟಿ.ವಿ.ಗಳಲ್ಲಿ ಮೊದಲು ಸುಟ್ಟುಹೋಗಿರುತ್ತಿದ್ದದ್ದು ಆ ದೀಪದ ಪಟ್ಟಿಗಳೇ. 4ಕೆಯ ನಾಲ್ಕು ಪಟ್ಟು ಚುಕ್ಕೆಗಳ 8ಕೆ ಎಂದು ಯಾರಾದರೂ ತೋರಿಸಿದರೆ ಮುಂದೆ ನಡೆ; ಜಪಾನಿನ ಎನ್‌ಎಚ್‌ಕೆ 2018ರ ಡಿಸೆಂಬರಿನಲ್ಲಿ ಆ ಪ್ರಸಾರ ಆರಂಭಿಸಿತು, ಅಮ್ಮನ ಧಾರಾವಾಹಿಗೆ ಅದು ಸಂಬಂಧವಿಲ್ಲದ ಮಾತು.

ಹಬ್ಬದ ಆಫರು ತಪ್ಪುತ್ತದೆಂಬ ಆತುರವೂ ಬೇಡ. 32 ಇಂಚಿಗಿಂತ ದೊಡ್ಡ ಟಿ.ವಿ.ಗಳ ಮೇಲಿನ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಶೇಕಡಾ 28ರಿಂದ 18ಕ್ಕೆ ಇಳಿದಿರುವುದು ಹಬ್ಬದ ರಿಯಾಯಿತಿಯಲ್ಲ, ದೀಪಾವಳಿ ಕಳೆದರೂ ಅದು ಎಲ್ಲಿಗೂ ಹೋಗುವುದಿಲ್ಲ. ಹಳೆಯ ಟಿ.ವಿ.ಯಲ್ಲಿ ಆ್ಯಪುಗಳು ನಿಧಾನವೆಂಬ ಸೊಸೆಯ ದೂರಿಗೆ ಎಚ್‌ಡಿಎಂಐ ಕಿಂಡಿಗೆ ಸಿಕ್ಕಿಸುವ ಸ್ಟಿಕ್ ಒಂದು ಸಾಕು.

ಕಡೆಯದಾಗಿ ಅಮ್ಮನ ಕಣ್ಣು. ಎಡಗಣ್ಣಿನ ಪೊರೆ ಬಲಿಯಲಿ ಎಂದು ಕಾಯುತ್ತಿರುವುದಾಗಿ ಅವಳು ಫೋನಿನಲ್ಲಿ ಹೇಳಿದಳು. ಪೊರೆ ಪೂರ್ತಿ ಬಲಿಯುವವರೆಗೆ ಕಾಯುವುದು ಹಳೆಯ ಕಾಲದ ಪದ್ಧತಿ, ಈಗಿನ ಶಸ್ತ್ರಚಿಕಿತ್ಸೆಗೆ ಅದರ ಅಗತ್ಯವಿಲ್ಲ, ಟಿ.ವಿ. ಅಂಗಡಿಗೆ ಹೋಗುವ ಮೊದಲು ಅವಳನ್ನು ಕಣ್ಣಿನ ವೈದ್ಯರ ಬಳಿಗೆ ಕರೆದುಕೊಂಡು ಹೋಗು. ಒತ್ತಕ್ಷರದ ಪರೀಕ್ಷೆಯಲ್ಲಿ ಅವಳೊಬ್ಬಳೇ ಸೋತರೆ ಕಾರಣ ಅದೇ ಇರಬಹುದು.

ಟೇಪು ಹಿಡಿದು ಅಳೆದ ದೂರವನ್ನೂ ಮೂವರ ಪರೀಕ್ಷೆಯ ಫಲವನ್ನೂ ಬರೆದು ಕಳಿಸು. ಹಬ್ಬಕ್ಕೆ ನಾನೂ ನಿನ್ನ ಅತ್ತೆಯೂ ಬರುತ್ತೇವೆ. ಆ ಹಳೆಯ ಸೆಟ್ಟಿನ ಹಿಂಬದಿ ಬಿಚ್ಚಿ ಧೂಳು ತೆಗೆದು ಕೊಡುತ್ತೇನೆ, ಅಲ್ಲಿಯವರೆಗೆ ಅದನ್ನು ಎಕ್ಸ್‌ಚೇಂಜಿಗೆ ಕೊಡಬೇಡ.

ಇತಿ,
ನಿನ್ನ ಮಾವ